ಕಾನ್ ಟೀಹನ್ ಹೋದ ದಾರಿ

ಹೆಣದ ಗಾಡಿಯ ಹಿಂಬಾಗಿಲನ್ನು ನೋನಿ ಟೀಹನ್ ಎರಡೂ ಕೈಯಿಂದ ತಳ್ಳಿ ಧಡಾರನೆ ಮುಚ್ಚಿದಳು. ಮುಚ್ಚಿದ್ದು ಸಾಲದೆಂಬಂತೆ ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ನಿನ್ ಗಾಡಿ ಬೇಡ ಡಿನ್ನಿ. ಖಾಲಿ ಹೊಡ್ಕೊಂಡು ಹೋಗು.”

ಡಿನ್ನಿ ಬ್ರಿಕ್ ಎಂಬವನು ಊರಿನ ಹೆಂಡದಂಗಡಿಯ ಯಜಮಾನ. ಊರಿನ ಹೆಣಗಳನ್ನು ಸಾಗಿಸುವವನೂ ಅವನೇ. ಕೆರಿ ಸೀಮೆಯಲ್ಲಿ ಈ ಎರಡು ಕಸುಬು ಒಂದೇ ಸೂರಿನಡಿ ಇರುವುದು ಹೊಸತಲ್ಲ. ಬದುಕಿದ್ದಾಗಲೂ ಡಿನ್ನಿಯ ಗಿರಾಕಿ, ಸತ್ತ ಮೇಲೂ ಡಿನ್ನಿಯ ಗಿರಾಕಿ ಎಂದು ಜನ ನಗುತ್ತಿದ್ದರು. ಆದರೆ ತೊಳೆದು ಮಿರಮಿರ ಮಿಂಚಿಸಿ ತಂದ ಗಾಡಿಯನ್ನು ವಿಧವೆಯೊಬ್ಬಳು ಅಂಗಳದಿಂದ ಅಟ್ಟಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

“ಮತ್ತೆ ಕಾನ್‌ನ ಹೆಂಗೆ ಕರ್ಕೊಂಡು ಹೋಗೋದು? ಎದ್ದು ನಡ್ಕೊಂಡು ಬರ್ತಾನಾ?”

“ಹೆಗಲ ಮೇಲೆ ಹೋಗ್ತಾನೆ. ಪೂಜೆದಾರೀಲಿ.”

ಅಂಗಳದಲ್ಲಿ ಟೀ ಕುಡಿಯುತ್ತ ನಿಂತಿದ್ದ ಐವತ್ತು ಅರವತ್ತು ಮಂದಿ ಒಮ್ಮೆಲೇ ಅವಳತ್ತ ತಿರುಗಿದರು. ಹಟ್ಟಿಯೊಳಗೆ ಹಸುವೊಂದು ಮಾತ್ರ ತನ್ನ ಪಾಡಿಗೆ ಅಂಬಾ ಎಂದಿತು.

ಪೂಜೆದಾರಿ ಎಂದರೆ ಟೀಹನ್ ಮನೆಯ ಹಟ್ಟಿ ಹಿಂದಿನಿಂದ ಇಳಿದು ಸೀದಾ ಇಗರ್ಜಿಯ ಬಾಗಿಲಿಗೆ ಮುಟ್ಟುವ ಕಾಲುದಾರಿ. ಪೂಜೆ ಮಾಡುವುದೇ ಅಪರಾಧವಾಗಿದ್ದ ಕಾಲದಲ್ಲಿ ಮುತ್ತಜ್ಜಂದಿರು ಕದ್ದು ನಡೆದು ನಡೆದು ಮಾಡಿದ್ದು. ಎರಡೂ ಬದಿಗೆ ಕಲ್ಲುಗೋಡೆ, ಹತ್ತು ನಿಮಿಷದ ನಡಿಗೆ. ಡಾಂಬರು ರಸ್ತೆ ಹಿಡಿದು ಸುತ್ತಿ ಹೋದರೆ ಅದೇ ಇಗರ್ಜಿ ಎರಡು ಮೈಲಿ. ಆದರೆ ಕಾಲುದಾರಿ ಅರ್ಧದಲ್ಲಿ ಫ್ಲರಿ ಕ್ವಿರ್ಕ್ ಎಂಬ ದೊಡ್ಡ ರೈತನ ಜಮೀನು ಹಾಯುತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ ಫ್ಲರಿ ಸರಿಯಾಗಿ ಅದರ ಮಗ್ಗುಲಿಗೇ ಹೊಸ ಮನೆ ಕಟ್ಟಿಸಿ, ದಾರಿಯನ್ನು ಅಂಗಳದೊಳಗೆ ಸೇರಿಸಿಕೊಂಡು, ಅಡ್ಡಲಾಗಿ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದ. ಅಲ್ಲಿಗೆ ಪೂಜೆದಾರಿಯ ಕತೆ ಮುಗಿಯಿತು.

ಪಾದ್ರಿ ಫಾದರ್ ಲೈನ್ ಈ ಊರಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಅವರು ನೋನಿಯ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು.

“ಮಿಸೆಸ್ ಟೀಹನ್, ಇವತ್ತೊಂದು ದಿನ ಜಗಳ ಬೇಡ. ಸತ್ತವರು ಶಾಂತಿಯಿಂದ ಹೋಗಲಿ.”

“ಜಗಳ ಎಲ್ಲಿ ಮಾಡ್ತಿದೀನಿ ಫಾದರ್? ಸಾಯೋ ಗಂಡಸು ಬಾಯಿಬಿಟ್ಟು ಕೇಳಿದ್ದು ಅದೊಂದೇ. ‘ನೋನಿ, ನನ್ನ ಪೂಜೆದಾರೀಲೇ ಕಳಿಸು’ ಅಂದ. ಬೇಡ ಅನ್ನೋಕೆ ನಾನ್ಯಾರು? ನೀವ್ಯಾರು?”

ಹೆಣ ಹೋದ ದಾರಿಗೆ ಬೀಗವಿಲ್ಲ ಎಂಬುದು ಆ ಸೀಮೆಯ ಮಾತು. ಶವಕ್ಕೆ ಅಡ್ಡ ನಿಲ್ಲುವ ಗಂಡು ಅಲ್ಲಿ ಹುಟ್ಟಿಲ್ಲ. ಒಮ್ಮೆ ಶವ ಹಾಯ್ದುಹೋದ ನೆಲವನ್ನು ಆಮೇಲೆ ಮುಚ್ಚುವ ಧೈರ್ಯ ಯಾರಿಗೂ ಇಲ್ಲ. ಮುಚ್ಚಿದರೆ ಮನೆ ಉದ್ಧಾರವಾಗುವುದಿಲ್ಲ ಎಂದು ಮುದುಕರಿಂದ ಮಕ್ಕಳವರೆಗೆ ಎಲ್ಲರೂ ನಂಬುತ್ತಾರೆ. ಫ್ಲರಿಯೂ ನಂಬುತ್ತಾನೆ. ಇದು ನೋನಿಗೆ ಚೆನ್ನಾಗಿ ಗೊತ್ತಿತ್ತು. ಇಂದು ಶವಪೆಟ್ಟಿಗೆ ಆ ಗೇಟಿನಲ್ಲಿ ನುಗ್ಗಿದರೆ ದಾರಿ ಶಾಶ್ವತವಾಗಿ ತೆರೆದ ಹಾಗೆ. ಇನ್ನು ಮುಂದೆ ಅವಳ ಹಸುಗಳು ಫ್ಲರಿಯ ಬಿಳಿ ಜಲ್ಲಿಕಲ್ಲಿನ ಅಂಗಳದಲ್ಲಿ ದಿನಕ್ಕೆ ಎರಡು ಸಲ ಸಗಣಿ ಹಾಕಿಕೊಂಡು ಹೋಗಬಹುದು.

“ಚಿಕ್ಕಪ್ಪ ನಿಜವಾಗ್ಲೂ ಹಂಗಂದ್ನಾ ಚಿಕ್ಕಮ್ಮ?” ಎಂದು ಮಾಸಿ ಕೇಳಿದ. ಅವನು ಕಾನ್‌ನ ಅಣ್ಣನ ಮಗ, ನಲವತ್ತು ದಾಟಿದ ಗಟ್ಟಿ ಆಳು, ಪೆಟ್ಟಿಗೆಯ ಮುಂದಿನ ಹೆಗಲು ಅವನದೇ.

“ಅಂದ.”

“ಅಲ್ಲ, ಚಿಕ್ಕಪ್ಪ ಒಂದು ನೊಣಕ್ಕೂ ಬೈದೋನಲ್ಲ, ಅದಕ್ಕೆ ಕೇಳ್ದೆ.”

“ಮಚ್ಚು ತಗೋ. ಬಾಯಲ್ಲಿ ಮುಳ್ಳು ಬೆಳೆದಿರ್ತದೆ.”

“ನನ್ ಬಾಯಲ್ಲಾ?”

“ದಾರಿ ಬಾಯಲ್ಲಿ ಕಣೋ ಹುಚ್ಚಪ್ಪ!”

ನೋನಿ ಹೇಳಿದ್ದು ಸುಳ್ಳು. ಮೊನ್ನೆ ಬೆಳಿಗ್ಗೆ ಹಾಲು ಕರೆಯಲು ಮೊಣಕಾಲೂರಿದ್ದ ಕಾನ್ ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡವನು ಹಾಗೇ ಉಳಿದುಬಿಟ್ಟಿದ್ದ. ಹಸು ಒಂದಿಷ್ಟೂ ಅಲುಗದೆ ಅವನನ್ನು ತಡೆದು ನಿಂತಿತ್ತು. ನೋನಿ ಅವನನ್ನು ಎಳೆದು ತಂದು ಮಲಗಿಸಿದಳು. ಇಳಿಹೊತ್ತಿಗೆ ಅವನು ಹೋದ. ಹೋಗುವ ಮುಂಚೆ ಆಡಿದ ಮಾತು ಒಂದೇ: “ಸಂಜೆ ಹಾಲು ಮರೀಬೇಡ.” ಹೆಂಡತಿಗೊಂದು ಒಳ್ಳೆ ಮಾತಿಲ್ಲ, ದೇವರ ಹೆಸರಿಲ್ಲ, ಹಾಲಂತೆ ಹಾಲು! ಮರೆಯುವುದುಂಟೇ ಎಂದು ಅವಳು ಅವನ ಕಣ್ಣು ಮುಚ್ಚಿ, ಲಂಗಕ್ಕೆ ಕೈ ಒರೆಸಿಕೊಂಡು ಹಟ್ಟಿಗೆ ಹೋಗಿ ಕರೆದು ಬಂದಿದ್ದಳು.

* * *

ಅವಳು ಮದುವೆಯಾಗಿ ಬಂದಾಗ ಟೀಹನ್ ಮನೆಯಲ್ಲಿದ್ದದ್ದು ಏಳು ಎಕರೆ ಜೌಗು ನೆಲ. ಜೊಂಡು, ಕಲ್ಲು, ಮತ್ತೆ ಜೊಂಡು. ಅಲ್ಲಿ ದೊಡ್ಡ ಹಸು ಕಟ್ಟಿದರೆ ಚಳಿಗಾಲದಲ್ಲಿ ಹೊಟ್ಟೆಮಟ್ಟ ಹೂತು ಹೋಗುತ್ತಿತ್ತು, ಬೇಸಗೆಯಲ್ಲಿ ಹಸಿದು ಒಣಗುತ್ತಿತ್ತು. ಆ ನೆಲಕ್ಕೆ ದೇವರು ಮಾಡಿದ್ದು ಈ ಗಿಡ್ಡ ಕರಿಯ ತಳಿ, ಡೆಕ್ಸ್‌ಟರ್. ನೋನಿಯ ಸೊಂಟಕ್ಕಿಂತ ಒಂದಿಂಚು ಎತ್ತರವಿಲ್ಲ. ಕರು ಹುಟ್ಟಿದರೆ ಬೆಕ್ಕಿನ ಮರಿಯ ಹಾಗೆ ಎತ್ತಿಕೊಂಡು ಬಂದು ಅಡುಗೆಮನೆಯ ಒಲೆ ಮುಂದೆ ಮಲಗಿಸಬಹುದು. ಜೊಂಡು ಮೇಯುತ್ತದೆ, ಮುಳ್ಳು ಮೇಯುತ್ತದೆ, ಬಿಟ್ಟರೆ ಒಣಗಲು ಹಾಕಿದ ಬಟ್ಟೆಯನ್ನೂ ಮೇಯುತ್ತದೆ. ಅಷ್ಟು ತಿಂದು ಮನೆಗೆ ಸಾಕಾಗುವಷ್ಟು ಹಾಲು, ಹಳದಿ ಬೆಣ್ಣೆ ಕೊಡುತ್ತದೆ. ಗಂಡು ಕರುವಾದರೆ ಎರಡು ವರ್ಷ ಸಾಕಿ ನವೆಂಬರಿನಲ್ಲಿ ಕಡಿಸಿದರೆ ಮುಂದಿನ ಈಸ್ಟರ್‌ವರೆಗೆ ಮಾಂಸ. ಹಾಲು ಕೊಡುವ ಹೆಣ್ಣುಗಳಿಗೆಲ್ಲ ನೋನಿ ಹೆಸರಿಡುತ್ತಿದ್ದಳು. ಗಂಡುಗಳಿಗೆ ಇಡುತ್ತಿರಲಿಲ್ಲ, ಹೆಸರಿಟ್ಟದ್ದನ್ನು ಉಪ್ಪು ಹಚ್ಚಿ ಪೀಪಾಯಿಗೆ ತುಂಬಲು ಕೈ ಬರುವುದಿಲ್ಲ.

ಊರಿಗೆ ಮಾತ್ರ ಅವು ಯಾವತ್ತೂ ತಮಾಷೆಯೇ. “ಕಾನ್, ಇವತ್ತು ಹಸುವನ್ನ ಯಾವ ಜೇಬಲ್ಲಿಟ್ಕೊಂಡು ಬಂದೆ?” ಎಂದು ಸಂತೆಯಲ್ಲಿ ಕೇಳುವರು. ಕಾನ್ ಜೇಬು ತಡಕಿ, “ಅಯ್ಯೋ, ತೂತಾಗಿದೆ, ಬಿದ್ದುಹೋಯ್ತು” ಎನ್ನುವನು. ನಗುವವರ ಜೊತೆ ನಗುವುದು ಅವನ ಸ್ವಭಾವ. ನೋನಿಯದು ಹಾಗಲ್ಲ. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲಿ, ನೆನಪು ಎದೆಯ ತಳದಲ್ಲಿ.

ಇಗರ್ಜಿಯ ಆಚೆ ಕಡಲದಂಡೆಯಲ್ಲಿ ಊರೊಟ್ಟಿನ ಹುಲ್ಲುಗಾವಲಿತ್ತು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲೇ ಮೇವು. ಬೆಳಿಗ್ಗೆ ಪೂಜೆದಾರಿಯ ಬಾಯಲ್ಲಿ ಬಿಟ್ಟರೆ ಹಸುಗಳು ತಾವೇ ಇಳಿದು ಹೋಗುತ್ತಿದ್ದವು, ಸಂಜೆ ಒಂದು ಕೂಗು ಹಾಕಿದರೆ ತಾವೇ ಹತ್ತಿ ಬರುತ್ತಿದ್ದವು. ಫ್ಲರಿ ಗೇಟು ಹಾಕಿದ ದಿನದಿಂದ ಅವನ್ನು ಡಾಂಬರು ರಸ್ತೆಯಲ್ಲಿ ಹೊಡೆದುಕೊಂಡು ಹೋಗಬೇಕಾಯಿತು. ಹೋಗಲು ಎರಡು ಮೈಲಿ, ಬರಲು ಎರಡು ಮೈಲಿ.

ಮೂರನೆಯ ವರ್ಷ ರಸ್ತೆಯ ತಿರುವಿನಲ್ಲಿ ಮರಳಿನ ಲಾರಿಯೊಂದು ಮೂರು ಹಸುಗಳ ಮೇಲೆ ಹಾಯ್ದುಹೋಯಿತು. ಒಂದು ತುಂಬಿದ ಬಸುರಿ. ಕಾನ್ ರಸ್ತೆ ಬದಿಯಲ್ಲಿ ಕುಕ್ಕರಿಸಿಬಿಟ್ಟ. ಸತ್ತ ಹಸುಗಳನ್ನು ಎತ್ತಲು ನಾಲ್ಕು ಗಂಡಸರನ್ನು ಕರೆಯಲು ನೋನಿಯೇ ರಕ್ತದ ಲಂಗದಲ್ಲಿ ಡಿನ್ನಿಯ ಅಂಗಡಿಗೆ ಓಡಿದಳು. ಫ್ಲರಿ ಅಲ್ಲಿ ಬೆಂಕಿಯ ಮುಂದೆ ಕೂತಿದ್ದ. ಕುಡಿದಿದ್ದ.

“ಮೂರು ನಾಯಿ ಸತ್ತಿದ್ದಕ್ಕೆ ನಾಲ್ಕು ಆಳು ಯಾಕೆ ನೋನಿ?” ಎಂದ. “ಒಂದು ಗೋಣಿಚೀಲ ತಂದ್ರೆ ಸಾಕಲ್ಲ.”

ಅಂಗಡಿಗೆ ಅಂಗಡಿಯೇ ನಕ್ಕಿತು. ಆ ನಗುವಿಗಿಂತ ಹೆಚ್ಚು ಅವಳನ್ನು ಉರಿಸಿದ್ದು ಇನ್ನೊಂದು: ಅವಳ ಹಿಂದೆಯೇ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತಿದ್ದ ಕಾನ್, ಮಾತು ಕೇಳಿ, ಎಲ್ಲರ ಮುಖ ನೋಡಿ, ಹೆಹ್ಹೆ ಎಂದು ತಾನೂ ನಕ್ಕ.

ಅಂದಿನಿಂದ ಹಸು ಹೊಡೆಯುವ ಕೆಲಸ ನೋನಿಯೇ ಹಿಡಿದಳು. ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಇಪ್ಪತ್ಮೂರು ಬೇಸಗೆ. ರಸ್ತೆ ಫ್ಲರಿಯ ಮನೆಯ ಮುಂಬಾಗಿಲ ಎದುರೇ ಹಾಯುತ್ತದೆ. ಅಲ್ಲಿ ಬಂದಾಗಲೆಲ್ಲ ನಿಂತು, ಥೂ ಎಂದು ಒಮ್ಮೆ ಉಗಿದು ಮುಂದೆ ಹೋಗುವಳು. ಮಳೆ ಬರಲಿ, ಜ್ವರ ಬರಲಿ, ಉಗಿಯುವುದು ತಪ್ಪಲಿಲ್ಲ. ಮೊಣಕಾಲು ಸವೆದು ಕಟಕಟ ಎನ್ನತೊಡಗಿದಾಗ, “ಹಸು ಕಮ್ಮಿ ಮಾಡೋಣ ಕಣೆ” ಎಂದ ಕಾನ್. “ನನ್ನ ಹಗೆ ಕಮ್ಮಿ ಆದಾಗ ಹಸು ಕಮ್ಮಿ ಮಾಡು” ಎಂದಳು. ಫ್ಲರಿಯ ಹೆಂಡತಿ ಜೂಡಿ ಹೊಟ್ಟೆಬೇನೆ ಹಿಡಿದು ಕಡ್ಡಿಯಾಗಿದ್ದಾಳೆ, ಉಳಿಯುವುದಿಲ್ಲವಂತೆ ಎಂದು ಊರೆಲ್ಲ ಮರುಗಿದಾಗ ನೋನಿ ರೊಟ್ಟಿ ಕೊಯ್ಯುತ್ತ, “ದೇವರಿಗೆ ಕಣ್ಣಿದೆ” ಎಂದಿದ್ದಳು. ಕಾನ್ ಎದುರಿಗೆ ಕೂತು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ, ಸವರುತ್ತಲೇ ಇದ್ದ.

* * *

ಗೋಡೆಯ ಮಗ್ಗುಲಿಗೆ ಒಬ್ಬರು ನುಸುಳುವಷ್ಟು ಸಂದು ಬಿಟ್ಟರೆ ಮೊದಲ ಹತ್ತು ಗಜ ಮುಳ್ಳೇ ಮುಳ್ಳು. ಮಾಸಿ ಮಚ್ಚು ಬೀಸಿ ಬೆವರಿಳಿಸಿದ. ಅದರಾಚೆ ದಾರಿ ಅಂಗೈ ಹಾಗೆ ಹಸನಾಗಿತ್ತು.

“ಇಪ್ಪತ್ತಾರು ವರ್ಷದ ಮುಳ್ಳು ಎಲ್ಲಿ ಹೋಯ್ತು ಮಾರಾಯ್ತಿ?” ಎಂದ ಅವನು.

“ಕುರಿ ತಿಂದಿರ್ತವೆ. ನಡಿ.”

ನೋನಿಗೆ ಅದನ್ನೆಲ್ಲ ನೋಡುವ ವ್ಯವಧಾನವಿರಲಿಲ್ಲ. ಅವಳು ಎಲ್ಲರಿಗಿಂತ ಮುಂದೆ, ಹಿಂದೆ ಆರು ಗಂಡಸರ ಹೆಗಲ ಮೇಲೆ ಕಾನ್, ಅವನ ಹಿಂದೆ ಹಟ್ಟಿಯಿಂದ ಬಿಡಿಸಿದ ಒಂಬತ್ತು ಗಿಡ್ಡ ಹಸುಗಳು, ಹಸುಗಳ ಹಿಂದೆ ಪಾದ್ರಿ, ಡಿನ್ನಿ, ಊರು. ಹಸು ಬೇಡ ಎಂದು ಪಾದ್ರಿ ಗೋಗರೆದಿದ್ದರು. “ಮಕ್ಕಳಿಲ್ಲದ ಮನೆ ಫಾದರ್, ಅವನ ಹಿಂದೆ ಬರೋರು ಇವರೇ” ಎಂದು ನೋನಿ ಬಾಯಿ ಮುಚ್ಚಿಸಿದ್ದಳು. ಹಾಗೆ ಹೇಳುವಾಗ ಅವಳ ಕಣ್ಣಲ್ಲಿ ನೀರೂ ಬಂದಿತ್ತು. ಆ ನೀರು ಮಾತ್ರ ಸುಳ್ಳಲ್ಲ.

ಹಿಂದಿನಿಂದ ಮಾತು ತೇಲಿ ಬರುತ್ತಿತ್ತು.

“ನಿನ್ನೆ ರಾತ್ರಿ ಹೆಣ ಕಾಯುವಾಗ ಕೊಟ್ಟ ತಣ್ಣನೆ ಮಾಂಸ ತಿಂದ್ಯಾ? ಬೆಣ್ಣೆ ಕಣೋ.”

“ಮೂರು ತುಂಡು ತಿಂದೆ. ಹೋದ ನವೆಂಬರದ್ದಂತೆ. ಆ ಗಿಡ್ಡನ ಮೈಯಲ್ಲಿ ಅಷ್ಟು ರುಚಿ ಎಲ್ಲಿತ್ತೋ.”

“ಕಾನ್ ಕೈ ಚೆನ್ನಾಗಿತ್ತು. ಬಾಯಿ ಸಾಲದು, ಕೈ ಚೆನ್ನಾಗಿತ್ತು.”

“ಈಗ ಫ್ಲರಿ ಬಂದೂಕು ಹಿಡ್ಕೊಂಡು ನಿಂತಿದ್ರೆ?”

“ನಿಂತಿದ್ರೆ ನೋನಿ ಅದನ್ನ ಕಿತ್ಕೊಂಡು ಅವನಿಗೇ ಹೊಡೀತಾಳೆ. ನೀನು ಹೆಜ್ಜೆ ನೋಡ್ಕೊಂಡು ಹಾಕು.”

ನೋನಿ ಕೇಳಿಸಿಕೊಂಡು ಒಳಗೊಳಗೇ ಹಿಗ್ಗಿದಳು. ಬಂದೂಕು ಹಿಡಿದೇ ನಿಂತಿರಲಿ ಎಂದು ಹಾರೈಸಿದಳು. ಬೇಡ ಅನ್ನಲಿ, ಬಯ್ಯಲಿ, ಊರೆದುರು ಶವಕ್ಕೆ ಅಡ್ಡ ನಿಂತ ಪಾಪಿ ಎನಿಸಿಕೊಳ್ಳಲಿ. ಆಮೇಲೆ ಬಗ್ಗಲಿ. ಹೇಳಬೇಕಾದ ಮಾತನ್ನು ಅವಳು ವರ್ಷಗಟ್ಟಲೆ ರಸ್ತೆಯಲ್ಲಿ ಹಸುಗಳಿಗೆ ಒಪ್ಪಿಸಿ ಒಪ್ಪಿಸಿ ಬಾಯಿಪಾಠ ಮಾಡಿದ್ದಳು: ಫ್ಲರಿ ಕ್ವಿರ್ಕ್, ಮೂರು ನಾಯಿಗೆ ಗೋಣಿಚೀಲ ಸಾಕಾಗಿತ್ತು, ಇವತ್ತು ಮನುಷ್ಯ ಬಂದಿದ್ದಾನೆ, ಗೇಟು ತೆಗಿ.

ತಿರುವು ದಾಟಿದರೆ ಗೇಟು. ಗೇಟಿನಾಚೆ ಫ್ಲರಿ ನಿಂತಿದ್ದ. ಕೈಯಲ್ಲಿ ಬಂದೂಕಿರಲಿಲ್ಲ, ಟೋಪಿಯಿತ್ತು. ಕಪ್ಪು ಕೋಟು ತೊಟ್ಟು, ಎಂಬತ್ತರ ತಲೆಯನ್ನು ಬಾಚಿಕೊಂಡು, ಕಾಯುತ್ತಿದ್ದವನ ಹಾಗೆ ನಿಂತಿದ್ದ.

“ಫ್ಲರಿ ಕ್ವಿರ್ಕ್,” ಎಂದು ನೋನಿ ಗಂಟಲು ಏರಿಸಿದಳು. “ಬೀಗ ತೆಗಿ.”

“ಬೀಗ ಹಾಕಿಲ್ಲ ನೋನಿ. ತಳ್ಳು.”

ಹೆದರಿಬಿಟ್ಟ ಎಂದು ಅವಳಿಗೆ ಖುಷಿಯೂ ಆಯಿತು, ಇಷ್ಟು ಬೇಗ ಹೆದರಿದನಲ್ಲ ಎಂದು ನಿರಾಸೆಯೂ ಆಯಿತು. ಇಪ್ಪತ್ತಾರು ವರ್ಷದ ತುಕ್ಕು ಹಿಡಿದ ಗೇಟು ತಾನೇ ಎಂದು ಮೈಯ ಬಲವನ್ನೆಲ್ಲ ಹಾಕಿ ದೂಡಿದಳು. ಗೇಟು ಸದ್ದಿಲ್ಲದೆ ಹಾರಿಹೋಗಿ ಗೋಡೆಗೆ ಬಡಿಯಿತು. ನೋನಿ ಮುಗ್ಗರಿಸಿ, ಗೇಟಿನ ಕೀಲು ಹಿಡಿದುಕೊಂಡು ಬಚಾವಾದಳು. ಕೈಗೆ ಜಿಡ್ಡು ಮೆತ್ತಿತು. ನೋಡಿದಳು. ಹಳದಿ ಬಣ್ಣ. ಮೂಸಿದಳು. ಬೆಣ್ಣೆ. ಉಪ್ಪು ಹಾಕಿ ಕಡೆದ ಅವಳದೇ ಬೆಣ್ಣೆ.

ಅಷ್ಟರಲ್ಲಿ ಫ್ಲರಿಯ ನಾಯಿ ಓಡಿಬಂತು. ಟಪಾಲಿನವನ ಮೀನಖಂಡ ಕಿತ್ತ ಕುಖ್ಯಾತ ನಾಯಿ. ಗಂಡಸರು ಕಾಲು ಎತ್ತಿಟ್ಟರು. ಅದು ಯಾರನ್ನೂ ನೋಡದೆ ನೆಟ್ಟಗೆ ಪೆಟ್ಟಿಗೆಯ ಕೆಳಗೆ ಬಂದು, ಮೂತಿ ಮೇಲೆತ್ತಿ, ಬಾಲ ಆಡಿಸುತ್ತ ಕುಂಯ್‌ಗುಟ್ಟಿತು.

“ಇದಕ್ಕೆ ಚಿಕ್ಕಪ್ಪನ ಗುರುತು ಹೆಂಗೆ?” ಎಂದು ಪೆಟ್ಟಿಗೆಯ ಕೆಳಗಿಂದ ಮಾಸಿ ಕೇಳಿದ.

ಹಿತ್ತಿಲ ಬಾಗಿಲು ತೆರೆದು ಜೂಡಿ ಹೊರಗೆ ಬಂದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ನೀಲಿ ಅಂಚಿನ ಬಿಳಿ ಹಾಲಿನ ಡಬ್ಬಿ. ಆ ಡಬ್ಬಿ ನೋನಿಯ ತವರಿನದು. ಹನ್ನೊಂದು ವರ್ಷದ ಹಿಂದೆ ಕಾಣೆಯಾಗಿತ್ತು; ಟಪಾಲಿನವನೇ ಕದ್ದನೆಂದು ನೋನಿ ಅವನಿಗೆ ಇವತ್ತಿಗೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

“ಬಂದ್ಯಾ ನೋನಿ! ಕೊನೆಗೂ ಈ ದಾರೀಲಿ ಬಂದ್ಯಲ್ಲ ತಾಯಿ,” ಎಂದು ಜೂಡಿ ಅತ್ತಳು. “ಹನ್ನೊಂದು ವರ್ಷ ನಿನ್ನ ಹಾಲು ಕುಡಿದು ಜೀವ ಹಿಡ್ಕೊಂಡೆ. ನಮ್ಮ ದೊಡ್ಡ ಹಸುಗಳ ಹಾಲು ಒಂದು ಗುಟುಕು ಹೊಟ್ಟೇಲಿ ನಿಲ್ತಿರ್ಲಿಲ್ಲ. ನಿನ್ನ ಗಿಡ್ಡಿಗಳದ್ದು ನಿಂತ್ಕೊಳ್ತು. ದಿನಾ ಕೈ ಮುಗಿಯೋಣ ಅಂತ ಅನ್ನಿಸೋದು. ಕಾನ್ ಬಿಡ್ತಿರ್ಲಿಲ್ಲ. ‘ನೋನಿನೇ ಕಳಿಸಿದಾಳೆ, ಆದ್ರೆ ಅವಳ ಮುಂದೆ ಬಾಯಿ ಬಿಡಬೇಡಿ, ನಾಚ್ಕೋತಾಳೆ’ ಅಂತಿದ್ದ.”

“ಯಾವಾಗ ಬರ್ತಿದ್ದ?” ನೋನಿಯ ದನಿ ಅವಳಿಗೇ ಯಾರದೋ ಎನಿಸಿತು.

“ಸಂಜೆ. ನೀನು ಹಸು ತರೋಕೆ ಹೊರಟ ತಕ್ಷಣ. ಚಳಿಗಾಲದಲ್ಲಿ ನೀನು ಜಪಸರಕ್ಕೆ ಇಗರ್ಜಿಗೆ ಹೋದಾಗ. ಒಂದು ಗಂಟೆ ಕೂತು, ಟೀ ಕುಡಿದು, ಫ್ಲರಿ ಜೊತೆ ಎರಡು ಆಟ ಇಸ್ಪೀಟು ಆಡಿ ಹೋಗ್ತಿದ್ದ. ಮೊನ್ನೆ ಬರ್ಲಿಲ್ಲ. ಆಗ್ಲೇ ನಂಗೆ ಗೊತ್ತಾಯ್ತು.”

ತೆರೆದ ಬಾಗಿಲಿನಾಚೆ ಅಡುಗೆಮನೆಯ ಒಲೆ ಕಾಣುತ್ತಿತ್ತು. ಒಲೆಯ ಎರಡು ಬದಿಗೆ ಎರಡು ಕುರ್ಚಿ, ಅಲ್ಲೇ ಗೋಡೆಗೆ ಆನಿಸಿ ಮೂರನೆಯದು. ಮೂರನೆಯದರ ಮೇಲೆ ಸೊಂಟಕ್ಕೆ ಇಡುವ ದಿಂಬು. ಕಾನ್‌ಗೆ ಎಡಸೊಂಟ ನೋವು. ಮನೆಯಲ್ಲಿ ಅವನು ಗಟ್ಟಿ ಬೆಂಚಿನ ಮೇಲೆ ಕೂರುತ್ತಿದ್ದ, ದಿಂಬು ಬೇಕೆಂದು ಒಂದು ದಿನ ಕೇಳಿರಲಿಲ್ಲ.

“ಹಂಗಿದ್ರೆ ದಾರಿ…” ನೋನಿ ಫ್ಲರಿಯ ಕಡೆ ತಿರುಗಿದಳು. “ಹನ್ನೊಂದು ವರ್ಷದಿಂದ ತೆಗೆದೇ ಇತ್ತಾ?”

“ಇತ್ತು. ಹಸು ಇಲ್ಲೇ ಹೊಡ್ಕೊಂಡು ಬನ್ನಿ ಅಂತ ನೂರು ಸಲ ಹೇಳ್ದೆ.”

“ಅವನೇನಂದ?”

ಫ್ಲರಿ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. “‘ಬೇಡ ಬಿಡು, ನೋನಿಗೆ ರಸ್ತೇಲಿ ನಡೆಯೋದು ಅಂದ್ರೆ ಇಷ್ಟ’ ಅಂದ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಕ್ಕವರನ್ನು ಇನ್ಯಾರೋ ತಿವಿದರು.

ನೋನಿಯ ಎರಡೂ ಮೊಣಕಾಲು ಒಟ್ಟಿಗೆ ನೋಯತೊಡಗಿದವು. ಹನ್ನೊಂದು ಬೇಸಗೆ! ಆಲಿಕಲ್ಲು ಬಿದ್ದ ದಿನವೂ ಕೆಂಪು ಬಟ್ಟೆ ಬೀಸುತ್ತ ಲಾರಿಗಳ ಮುಂದೆ ನಡೆದಿದ್ದಳು. ಈ ಮನೆಯ ಮುಂಬಾಗಿಲಿಗೆ ಉಗಿದಿದ್ದಳು. ಅವಳು ಮುಂದೆ ಉಗಿಯುವ ಹೊತ್ತಿಗೆ ಕಾನ್ ಹಿಂದೆ ದಿಂಬಿಗೆ ಒರಗಿ ಇಸ್ಪೀಟು ಕಲೆಸುತ್ತಿದ್ದ. ಅವಳ ಹಗೆ ಅವನಿಗೆ ದಿನಕ್ಕೊಂದು ಗಂಟೆಯ ಬಿಡುವು ಕೊಟ್ಟಿತ್ತು. ಸಾಲದ್ದಕ್ಕೆ ಅವಳ ಹೆಸರಲ್ಲಿ ದಾನ! ಅವಳ ಬೆನ್ನ ಹಿಂದೆ ಅವಳನ್ನೇ ಪುಣ್ಯವತಿ ಮಾಡಿ ಕೂರಿಸಿದ್ದ. ಕಳ್ಳ. ಮೆತ್ತಗಿನ ಕಳ್ಳ.

“ನೋನಿ,” ಎಂದ ಫ್ಲರಿ. “ಆವತ್ತು ಅಂಗಡೀಲಿ ಆಡಿದ ಮಾತು… ಕಾನ್ ಹತ್ರ ನಾನು ಕ್ಷಮೆ ಕೇಳಿದೀನಿ. ನೀನೂ ಹೊಟ್ಟೆಗೆ ಹಾಕ್ಕೊಂಡಿದೀಯ, ಬಾಗಿಲಿಗೆ ಉಗಿಯೋದು ಬರೀ ಊರಿಗೆ ತೋರಿಸೋಕೆ ಅಂತ ಅವನೇ ಅಂದ.”

“ನಾನು ಹಾಕ್ಕೊಂಡಿಲ್ಲ.” ನೋನಿ ಒಂದೊಂದೇ ಮಾತು ಬಿಡಿಸಿ ಆಡಿದಳು. “ನಾನು ಹಾಲೂ ಕಳಿಸಿಲ್ಲ ಜೂಡಿ. ಒಂದು ತೊಟ್ಟೂ ಕಳಿಸಿಲ್ಲ. ನಿಂಗೆ ಬೇನೆ ಅಂತ ಕೇಳಿದಾಗ ನಂಗೆ ಸಂತೋಷ ಆಗಿತ್ತು. ಗೊತ್ತಾಯ್ತಾ? ಸಂತೋಷ.”

ಪಾದ್ರಿ ಹಸುಗಳ ಆಚೆಯಿಂದ “ಮಿಸೆಸ್ ಟೀಹನ್, ದಯವಿಟ್ಟು…” ಎಂದು ಕೈ ಎತ್ತಿದರು. ಅವರ ಕೋಟಿನ ತುದಿಯನ್ನು ಹಸುವೊಂದು ಆಗಲೇ ಅಗಿಯುತ್ತಿತ್ತು. ನೋನಿ ಮುಂದೆ ಹೋಗಿ ಜೂಡಿಯ ಕೈಯಿಂದ ಡಬ್ಬಿ ಬಿಡಿಸಿಕೊಂಡು, “ಇದು ನಂದು” ಎಂದು ಮೊಣಕೈಗೆ ಸಿಕ್ಕಿಸಿಕೊಂಡಳು. ಗೇಟಿನಿಂದ ಹೊರಗೆ ಬಂದಳು. ಕೈಯ ಬೆಣ್ಣೆಯನ್ನು ಲಂಗಕ್ಕೆ ಒರೆಸಿಕೊಂಡಳು.

“ತಿರುಗ್ಸಿ.”

“ಏನನ್ನ?” ಎಂದ ಮಾಸಿ.

“ಇವನನ್ನ. ರಸ್ತೇಲಿ ಹೋಗ್ಲಿ.”

“ಚಿಕ್ಕಮ್ಮ! ಇನ್ನೈದು ನಿಮಿಷ ಹೋದ್ರೆ ಇಗರ್ಜಿ. ಗೇಟು ತೆಗೆದಿದೆ. ನೀನು ಕೇಳಿದ್ದು ಸಿಕ್ತಲ್ಲ, ಹೆಣ ಹಾ…”

“ಎರಡು ಮೈಲಿ ಸುತ್ಲಿ. ನಾನು ಸುತ್ತಿಲ್ವಾ?”

“ಸಾಯೋವಾಗ ಈ ದಾರೀನೇ ಕೇಳ್ದ ಅಂದ್ಯಲ್ಲ?”

“ಸುಳ್ಳು ಹೇಳ್ದೆ. ನಮ್ಮನೇಲಿ ಅವನೊಬ್ಬನಿಗೇ ಸುಳ್ಳು ಬರೋದು ಅಂದ್ಕೊಂಡ್ಯಾ?”

ಡಿನ್ನಿ ಹಿಂದಿನಿಂದ ಕೂಗಿದ, “ನೋನಿ, ಇಲ್ಲಿ ಪೆಟ್ಟಿಗೆ ತಿರುಗ್ಸೋಕೆ ಜಾಗ ಇಲ್ಲ ಕಣೆ. ಗೋಡೆ ತಾಗ್ತದೆ. ಹಂಗೇ ಹಿಂದಕ್ಕೆ ಹೊತ್ರೆ ತಲೆ ಮುಂದಾಗ್ತದೆ. ಕಾಲು ಮುಂದಾಗಿ ಹೋಗ್ಬೇಕು, ಇಲ್ದಿದ್ರೆ ಸತ್ತೋರು ದಾರಿ ನೋಡ್ಕೊಂಡು ವಾಪಸ್ ಬರ್ತಾರೆ ಅಂತಾರೆ.”

“ಬರ್ಲಿ,” ಎಂದಳು ನೋನಿ. “ಕೇಳೋದಿದೆ.”

ಆರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪೆಟ್ಟಿಗೆಯನ್ನು ಹೆಗಲಿಂದ ಹೆಗಲಿಗೆ ಬದಲಿಸಿ, ನಿಂತಲ್ಲೇ ಮೈ ತಿರುಗಿಸಿದರು. ಊರು ತಿರುಗಿತು. ಡಿನ್ನಿ, ಪಾದ್ರಿ, ಎಲ್ಲರೂ ಬಂದ ದಾರಿಗೇ ಮುಖ ಮಾಡಿದರು. ಹಸುಗಳಿಗೆ ಮಾತ್ರ ಇದು ಹೊಸತಲ್ಲ; ರಸ್ತೆಗೆ ಹೋಗುವುದೆಂದು ತಿಳಿದು ತಲೆ ಅಲ್ಲಾಡಿಸಿ ಹೊರಟವು. ಹಿಂದಿದ್ದ ಊರು ಈಗ ಮುಂದೆ, ಅದರ ಹಿಂದೆ ಹಸುಗಳು, ಎಲ್ಲಕ್ಕೂ ಕೊನೆಗೆ ಕಾನ್. ಕಾನ್‌ನ ಹಿಂದೆ ನೋನಿ.

ಬೆನ್ನ ಹಿಂದೆ ಫ್ಲರಿ ಗೇಟಿನಲ್ಲೇ ನಿಂತಿದ್ದಾನೆಂದು ಅವಳಿಗೆ ಗೊತ್ತಿತ್ತು. ತಿರುಗಿ ನೋಡಲಿಲ್ಲ, ಉಗಿಯಲೂ ಇಲ್ಲ. ಗೋಡೆಯ ಮೇಲೆ ಬಾಗಿದ್ದ ಗಿಡದಿಂದ ಒಂದು ಹಸಿ ಕೋಲು ಮುರಿದು ಎಲೆ ಸವರಿದಳು. ಏರುದಾರಿಯಲ್ಲಿ ಗಂಡಸರು ಏದುತ್ತ ನಿಧಾನವಾದರು. ಪೆಟ್ಟಿಗೆ ಅತ್ತಿತ್ತ ತೂಗುತ್ತ ಹಸುಗಳಿಂದ ಹಿಂದುಳಿಯಿತು.

ನೋನಿ ಕೋಲೆತ್ತಿ ಪೆಟ್ಟಿಗೆಯ ಹಿಂಬದಿಗೆ, ಕಾನ್‌ನ ಪಾದಗಳಿದ್ದ ಕಡೆ, ಚಟ್ಟನೆ ಒಂದು ಕೊಟ್ಟಳು.

“ಹೋಯ್! ನಡಿ.”

ಆ ದನಿಗೆ ಮುಂದಿದ್ದ ಒಂಬತ್ತು ಹಸುಗಳೂ ಹೆಜ್ಜೆ ಚುರುಕು ಮಾಡಿದವು. ಪೆಟ್ಟಿಗೆ ಹೊತ್ತ ಆರು ಗಂಡಸರೂ ಮಾಡಿದರು.